ಎಲ್ಲ ತೂತಿಗೂ ಇಳಿಯುವ ಚೌಕ

ಕೂದಲೆಳೆ ಮೇಸ್ತ್ರಿ ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಬಾಗಿಲ ಚೌಕಟ್ಟು ಕೂಡಿಸಿ ನಿಲ್ಲಿಸಿದ ಮೇಲೆ, ಈ ಸಂದಿನಲ್ಲಿ ಒಂದು ಕೂದಲೆಳೆ ತೂರಿಸಿ ತೋರಿಸಿ ನೋಡೋಣ ಎಂದು ಗಿರಾಕಿಗೇ ಸವಾಲು ಹಾಕುತ್ತಿದ್ದರು. ಕೂದಲನ್ನೂ ತಮ್ಮ ತಲೆಯಿಂದಲೇ ಕಿತ್ತು ಕೊಡುತ್ತಿದ್ದರು. ಹೀಗೆ ಕಿತ್ತೂ ಕಿತ್ತೂ ತಲೆ ಬೋಳಾಯಿತು ಎಂದು ಅವರ ಹೆಂಡತಿ ಬದುಕಿದ್ದಷ್ಟು ದಿನವೂ ಗೇಲಿ ಮಾಡಿದಳು. ಹೆಂಡತಿ ಹೋಗಿ ಈಗ ಆರು ವರ್ಷ, ಮೇಸ್ತ್ರಿಗೆ ಎಪ್ಪತ್ತೆರಡು. ದೊಡ್ಡ ಕೆಲಸಗಳನ್ನು ಬಿಟ್ಟಿದ್ದಾರೆ. ಕುರ್ಚಿಯ ಕಾಲು, ಮೇಜಿನ ಡ್ರಾಯರು ಎಂದು ಯಾರಾದರೂ ಹೊತ್ತು ತಂದರೆ ಮನೆಯ ಹಿಂದಿನ ಕೆಲಸದ ಕೋಣೆಯಲ್ಲಿ ಕೂತು ಸರಿ ಮಾಡಿಕೊಡುತ್ತಾರೆ. ಉಳಿದ ಹೊತ್ತೆಲ್ಲ ಮೊಮ್ಮಗಳದು.

ಮೊಮ್ಮಗಳಿಗೆ ಒಂದೂವರೆ ವರ್ಷ. ತಲೆಯಲ್ಲಿ ಇನ್ನೂ ಕೂದಲೆಂಬುದು ಕಾಣಿಸಿಕೊಳ್ಳದೆ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಮೊಟ್ಟೆ. ತಾತನ ತಲೆ, ಮೊಮ್ಮಗಳ ತಲೆ ಅಕ್ಕಪಕ್ಕ ಬಂದರೆ ಬೀದಿಯವರಿಗೆಲ್ಲ ನಗು. ಅಳಿಯ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳಿಗೆ ಪಾರ್ಸೆಲ್ ಕಂಪನಿಯ ವಿಂಗಡಣೆ ಕೋಣೆಯಲ್ಲಿ ಕೆಲಸ. ಬೆಳಗ್ಗೆ ಮಗುವನ್ನು ಅಪ್ಪನ ಕೈಗೆ ಕೊಟ್ಟು ಹೋದವಳು ಸಂಜೆ ಬಂದು ಕರೆದುಕೊಂಡು ಹೋಗುತ್ತಾಳೆ.

ಆ ವಾರ ಬರುತ್ತಲೇ ಅವಳು ಒಂದೇ ರಾಗ ಹಿಡಿದಿದ್ದಳು. ಮೊಟ್ಟೆಗೆ ಆಕಾರ, ಬಣ್ಣ ನೋಡಿ ಹೊಂದಿಸುವ ಮರದ ಆಟಿಕೆ ಬೇಕು, ಈಗಿನಿಂದಲೇ ಬೇಕು, ತಡವಾದರೆ ಕಷ್ಟ. ಜೊತೆಯಲ್ಲಿ ಕೆಲಸ ಮಾಡುವವರ ಮಕ್ಕಳೆಲ್ಲ ಆಗಲೇ ಶುರು ಮಾಡಿದ್ದಾರಂತೆ. ನನಗೆ ಮಾಡಿಕೊಟ್ಟಿದ್ದೆಯಲ್ಲ, ಅಂಥದ್ದೇ ಒಂದು ಇವಳಿಗೂ ಮಾಡಿಕೊಡು ಎಂದು ಅಪ್ಪನಿಗೆ ದುಂಬಾಲು ಬಿದ್ದಳು. ಮೇಸ್ತ್ರಿ ತಮ್ಮ ಕಣ್ಣಿಗೆ ಮೊದಲಿನ ಹಾಗೆ ಕಾಣುವುದಿಲ್ಲ, ಅಂಗಡಿಯಲ್ಲಿ ತೆಗೆದುಕೊಳ್ಳೋಣ ಎಂದರು. ಹಿಂದಿನ ವಾರವಷ್ಟೇ ಪಕ್ಕದ ಮನೆಯವರ ಹಳೆಯ ಪೆಟ್ಟಿಗೆಗೆ ಮುಚ್ಚಳ ಕೂಡಿಸಿ, ಸಂದು ಎಲ್ಲಿದೆ ಹುಡುಕಿ ಎಂದು ಅವರನ್ನು ಆಟ ಆಡಿಸಿದ್ದ ಮನುಷ್ಯ ಹೇಳಿದ ಮಾತಿದು. ಮಗಳು ನಂಬಿದಳು. ಅಪ್ಪನ ಮಾತನ್ನು ಅವಳು ನಂಬದೆ ಇದ್ದದ್ದಾದರೂ ಯಾವಾಗ?

ರಜೆಯ ದಿನ ಮೂವರೂ ಅಂಗಡಿಗೆ ಹೋದರು. ಅಂಗಡಿ ಚಿಕ್ಕದು, ನೆಲದಿಂದ ಸೂರಿನವರೆಗೆ ಆಟಿಕೆ ತುಂಬಿದ ಹಲಗೆಗಳು. ಅಂಗಡಿಯಾಕೆ ಮಗುವಿನ ವಯಸ್ಸು ಕೇಳಿ ಒಂದೊಂದನ್ನೇ ಮೇಜಿನ ಮೇಲೆ ಇಡತೊಡಗಿದಳು. ಕೋಲಿಗೆ ಪೋಣಿಸುವ ಬಣ್ಣದ ಬಳೆಗಳು, ಗೂಟ ಚುಚ್ಚುವ ಹಲಗೆ, ಮುಚ್ಚಳದಲ್ಲಿ ನಾಲ್ಕು ತೂತುಗಳಿರುವ ಪೆಟ್ಟಿಗೆ. ಮೊಟ್ಟೆ ತಾತನ ಹೆಗಲ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು. ಇಷ್ಟೆಲ್ಲ ಸಂಭ್ರಮ ಯಾರಿಗಾಗಿಯೋ ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಮೇಸ್ತ್ರಿ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಪರೀಕ್ಷೆ ಶುರುಮಾಡಿದರು. ಬೆರಳನ್ನು ಎಂಜಲಿನಲ್ಲಿ ಒದ್ದೆ ಮಾಡಿ ಕೆಂಪು ಬಣ್ಣದ ಮೇಲೆ ಉಜ್ಜಿದರು, ಬಣ್ಣ ಬಿಡಲಿಲ್ಲ. ಮೂಸಿ ನೋಡಿದರು. ಅಂಚಿನ ಮೇಲೆ ಉಗುರು ಓಡಿಸಿದರು. ಬಳೆಗಳ ಕೋಲನ್ನು ಹಿಡಿದು ಅಲುಗಿಸಿ, ಇದು ಬರೀ ಅಂಟಿನ ಮೇಲೆ ನಿಂತ ಸಂಸಾರ, ನಾಲ್ಕು ದಿನ ಬಾಳಿದರೆ ಪುಣ್ಯ ಎಂದು ಬದಿಗಿಟ್ಟರು. ಗೂಟಗಳು ಸಣ್ಣವು, ಮಗು ನುಂಗಿಬಿಟ್ಟೀತು ಎಂದು ಅದನ್ನೂ ತಳ್ಳಿದರು. ತೂತಿನ ಪೆಟ್ಟಿಗೆಯನ್ನು ಮಾತ್ರ ಅವರು ಮುಟ್ಟಲಿಲ್ಲ.

ಮಗಳು ಅದನ್ನೇ ನೋಡುತ್ತಿದ್ದಳು. ಕೆಂಪು ಚೌಕ, ಹಳದಿ ದುಂಡು, ನೀಲಿ ತ್ರಿಕೋನ, ಹಸಿರು ನಕ್ಷತ್ರ. ಯಾವ ತುಂಡಿಗೆ ಯಾವ ಬಣ್ಣವೋ ಅದರ ತೂತಿನ ಸುತ್ತಲೂ ಅದೇ ಬಣ್ಣದ ಪಟ್ಟಿ. ಎಷ್ಟು ತಿಂಗಳಿಗೆ ಮಕ್ಕಳು ಇದನ್ನೆಲ್ಲ ಸರಿಯಾಗಿ ಹಾಕುತ್ತಾರೆ ಎಂದು ಕೇಳಿದಳು. ಮೊದಲು ದುಂಡು ಬರುತ್ತದೆ, ಚೌಕ, ತ್ರಿಕೋನಗಳಿಗೆ ಕೈ ತಿರುಗಿಸುವುದು ಗೊತ್ತಾಗಬೇಕು, ಒಂದೊಂದು ಮಗು ಒಂದೊಂದು ಥರ ಎಂದು ಅಂಗಡಿಯಾಕೆ ಹೇಳಿದಳು.

"ಎಷ್ಟು ದಿನ ಆದ್ರೂ ಹಾಕ್ಲೇ ಇಲ್ಲ ಅಂದ್ರೆ?"

ಹಾಕುತ್ತಾರೆ ಬಿಡಿ ಎಂದು ಅಂಗಡಿಯಾಕೆ ನಕ್ಕು, ಬೇರೆ ಪೆಟ್ಟಿಗೆ ತರಲು ಒಳಗೆ ಹೋದಳು. ಆಗ ಮಗಳು ಬಾಗಿಲ ಕಡೆ ಒಮ್ಮೆ ನೋಡಿ, ಅಂಗಡಿಗೆ ಬೆನ್ನು ಮಾಡಿ ನಿಂತು, ಕೆಂಪು ಚೌಕವನ್ನು ಕೈಗೆ ತೆಗೆದುಕೊಂಡಳು. ವಿಂಗಡಣೆ ಕೋಣೆಯಲ್ಲಿ ಓಡುವ ಪಟ್ಟಿಯ ಮುಂದೆ ನಿಂತು, ಬರುವ ಪಾರ್ಸೆಲ್ಲುಗಳ ಸಂಖ್ಯೆಯನ್ನು ಒಂದೇ ನೋಟಕ್ಕೆ ಓದಿ ನಲವತ್ತು ಗೂಡುಗಳಿಗೆ ಎಸೆಯುವ ಕೈ ಅದು. ಅವಳಷ್ಟು ಚುರುಕಾದ ಕೈ ಆ ಪಾಳಿಯಲ್ಲೇ ಇಲ್ಲವೆಂದು ಅಳಿಯ ಹೇಳಿದ್ದ. ಆ ಕೈ ಈಗ ತೂತಿನ ಮೇಲೆ ತುಂಡನ್ನು ಹಿಡಿದು ಅನುಮಾನಿಸಿತು. ತಿರುಗಿಸಿತು, ಮತ್ತೆ ನೋಡಿತು, ಬಿಟ್ಟಿತು. ತುಂಡು ಟಕ್ ಎಂದು ಒಳಗೆ ಬಿತ್ತು.

"ಹೋಯ್ತು" ಎಂದಳು, ತನಗೆ ತಾನೇ. ಎದೆಯ ಮೇಲಿನ ಭಾರ ಇಳಿದವಳ ಹಾಗೆ ಉಸಿರು ಬಿಟ್ಟಳು.

ಮೇಸ್ತ್ರಿ ಅದನ್ನು ನೋಡಿದರು. ನೋಡಬಾರದಿತ್ತು, ನೋಡಿದರು. ಮೂವತ್ತಮೂರು ವರ್ಷದ ಹೆಂಗಸು, ಮಗುವಿನ ತಾಯಿ, ಮಕ್ಕಳ ಆಟಿಕೆಯ ಮುಂದೆ ಕಳ್ಳಿಯ ಹಾಗೆ ನಿಂತು ಪರೀಕ್ಷೆ ಕೊಡುತ್ತಿದ್ದಳು. ಆ ಪರೀಕ್ಷೆಗೆ ಅವಳನ್ನು ಕೂರಿಸಿದವರು ತಾವೇ ಎಂಬುದು ಈ ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಮಗು ಅವಳು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ, ಇದೋ ನಿಜವಾಗಿಯೂ ಮುದ್ದಾದ ಮಗು. ಒಂದೂವರೆ ವರ್ಷವಾದಾಗ ಮೇಸ್ತ್ರಿ ಉಳಿದ ಮರದ ಚೂರುಗಳಿಂದ ಇಂಥದ್ದೇ ಪೆಟ್ಟಿಗೆ ಮಾಡಿದರು. ನಾಲ್ಕು ತುಂಡು, ನಾಲ್ಕು ತೂತು, ನಾಲ್ಕು ಬಣ್ಣ. ತಮ್ಮ ಹೆಸರಿಗೆ ತಕ್ಕಂತೆ ತೂತುಗಳನ್ನು ಎಷ್ಟು ಬಿಗಿಯಾಗಿ ಕೊರೆದಿದ್ದರೆಂದರೆ ಚೌಕವನ್ನು ದೊಡ್ಡವರೂ ಹುಷಾರಾಗಿ ಇಳಿಸಬೇಕು. ಮಗು ಅದನ್ನು ಎಲ್ಲೆಲ್ಲೋ ಒತ್ತಿತು, ಹೋಗಲಿಲ್ಲ. ಅತ್ತಿತು. ಮರುದಿನ ಮತ್ತೆ ಒತ್ತಿತು, ಮತ್ತೆ ಅತ್ತಿತು. ಅಳುತ್ತ ಅಳುತ್ತ ಉಸಿರು ಕಟ್ಟಿ ತುಟಿ ನೀಲಿಯಾಗುತ್ತಿತ್ತು. ಅಳಲಿ ಬಿಡಿ, ಇನ್ನೊಂದು ವಾರಕ್ಕೆ ಕಲಿಯುತ್ತಾಳೆ ಎಂದು ಹೆಂಡತಿ ಹೇಳಿದಳು. ಮೇಸ್ತ್ರಿಗೆ ಒಂದು ವಾರ ಕಾಯುವ ಕರುಳು ಇರಲಿಲ್ಲ. ಮಧ್ಯಾಹ್ನ ಹೆಂಡತಿ ಹೊರಗೆ ಹೋದಾಗ ಪೆಟ್ಟಿಗೆಯನ್ನು ಕೆಲಸದ ಕೋಣೆಗೆ ಒಯ್ದು, ಅರ ತೆಗೆದುಕೊಂಡು ನಾಲ್ಕೂ ತೂತುಗಳನ್ನು ಉಜ್ಜಿ ಉಜ್ಜಿ ಅಗಲ ಮಾಡಿದರು. ಚೌಕವನ್ನು ದುಂಡಿಗೆ ಹಾಕಿದರೂ ಹೋಗಬೇಕು, ನಕ್ಷತ್ರಕ್ಕೆ ಹಾಕಿದರೂ ಹೋಗಬೇಕು, ಹಾಗೆ. ಅರ ಬಣ್ಣದ ಪಟ್ಟಿಗಳನ್ನೂ ತಿಂದುಹಾಕಿತ್ತು. ಡಬ್ಬಿಯಲ್ಲಿ ನೀಲಿ ಮಾತ್ರ ಉಳಿದಿತ್ತು, ನಾಲ್ಕು ತೂತುಗಳಿಗೂ ನೀಲಿಯನ್ನೇ ಬಳಿದು, ಹಳೆಯ ಬಣ್ಣ ಎದ್ದುಹೋಗಿತ್ತು ಎಂದು ಹೆಂಡತಿಗೆ ಹೇಳಿದರು. ಜೀವಮಾನದಲ್ಲಿ ಅವರು ಬೇಕೆಂದೇ ಸಡಿಲ ಮಾಡಿದ ಕೆಲಸ ಅದೊಂದೇ.

ಬಣ್ಣ ಒಣಗಿದ ಮೇಲೆ, ಮರುದಿನ ಸಂಜೆ, ಮಗು ತುಂಡುಗಳನ್ನೆಲ್ಲ ಟಕಟಕ ಒಳಗೆ ಹಾಕಿ ಚಪ್ಪಾಳೆ ತಟ್ಟಿತು. ನೋಡಿದಿರಾ, ಕಲಿತಳು ಎಂದು ಹೆಂಡತಿ ಹಿಗ್ಗಿದಳು. ಮೇಸ್ತ್ರಿಯೂ ಹಿಗ್ಗಿದರು. ಎರಡೂವರೆ ವರ್ಷ ಅದೇ ಪೆಟ್ಟಿಗೆ, ಅದೇ ಆಟ, ಅದೇ ಚಪ್ಪಾಳೆ.

ನಾಲ್ಕು ವರ್ಷಕ್ಕೆ ಶಾಲೆಗೆ ಸೇರಿಸಲು ಮೇಸ್ತ್ರಿಯೇ ಕರೆದುಕೊಂಡು ಹೋದರು. ಆ ಶಾಲೆಯ ಹೊಸ ಕಟ್ಟಡಕ್ಕೆ ಬಾಗಿಲು ಕೂಡಿಸುತ್ತಿದ್ದವರೂ ಅವರೇ. ಟೀಚರು ಮಗಳನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿ ಮುಂದೆ ಒಂದು ತೂತಿನ ಪೆಟ್ಟಿಗೆ ಇಟ್ಟರು. ಮಗಳ ಮುಖ ಅರಳಿತು, ಇದು ತನ್ನ ಆಟ. ಚೌಕವನ್ನು ತೆಗೆದು ದುಂಡು ತೂತಿನ ಮೇಲಿಟ್ಟು ಒತ್ತಿದಳು. ಹೋಗಲಿಲ್ಲ. ಎರಡೂ ಅಂಗೈಯಿಂದ ಒತ್ತಿದಳು. ಎದ್ದು ನಿಂತು ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ತಿರುಗಿಸಿ ನೋಡುವುದು, ಬೇರೆ ತೂತು ಹುಡುಕುವುದು ಅವಳಿಗೆ ಎಂದೂ ಬೇಕಾಗಿರಲಿಲ್ಲ, ಬರಲೂ ಇಲ್ಲ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ಅಪ್ಪ, ಇದು ಕೆಟ್ಟೋಗಿದೆ."

ಟೀಚರು ನಕ್ಕು ಕಾಗದದ ಮೇಲೆ ಏನೋ ಬರೆದುಕೊಂಡರು. ಆಮೇಲೆ ಮೇಸ್ತ್ರಿಯನ್ನು ಬದಿಗೆ ಕರೆದು, ಮಗು ಸ್ವಲ್ಪ ಮಂದ, ಎರಡು ವರ್ಷದ ಮಕ್ಕಳು ಮಾಡುವುದೂ ಬರುತ್ತಿಲ್ಲ, ನಿಧಾನದ ಮಕ್ಕಳ ವಿಭಾಗದಲ್ಲಿ ಹಾಕೋಣ ಎಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಮರದ ಕೆಲಸದವರಿಗೇ ಗಾದೆ ಹೇಳಿದರು. ಅಲ್ಲಿ ಮೇಸ್ತ್ರಿ ಆಡಬೇಕಾಗಿದ್ದದ್ದು ಒಂದೇ ಮಾತು. ಮನೆಯ ಪೆಟ್ಟಿಗೆಯ ತೂತು ದೊಡ್ಡದು, ತಪ್ಪು ನನ್ನದು, ಅಷ್ಟೇ. ಆದರೆ ಪಕ್ಕದ ಕೋಣೆಯಲ್ಲಿ ಅವರ ಕೈಕೆಳಗಿನ ಇಬ್ಬರು ಬಡಗಿಗಳು ಚೌಕಟ್ಟು ನಿಲ್ಲಿಸುತ್ತಿದ್ದರು, ಮಾತು ಕೇಳಿಸುವಷ್ಟು ಹತ್ತಿರ. ಕೂದಲೆಳೆ ಮೇಸ್ತ್ರಿಯ ಮನೆಯ ಪೆಟ್ಟಿಗೆಯಲ್ಲಿ ಚೌಕ ಹೋಗಿ ದುಂಡಿಗೆ ಬೀಳುತ್ತದಂತೆ ಎಂಬ ಮಾತು ಸಂಜೆಯೊಳಗೆ ಊರೆಲ್ಲ ತಿರುಗುತ್ತದೆ ಎಂದು ಅವರಿಗೆ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡು ತಲೆಯಾಡಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿನ ಬಗ್ಗೆ ಆ ಗಾದೆ ಕಟ್ಟಿದವರು ಏನೂ ಹೇಳಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ, ಗಂಟಲಲ್ಲೇ ಬೆಳೆಯುತ್ತದೆ. ಮರುದಿನ ಹೇಳಲು ಹೋದರೆ ನಿನ್ನೆ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ. ಮರುವರ್ಷ ಹೇಳಲು ಹೋದರೆ ಒಂದು ವರ್ಷದ ಪ್ರಶ್ನೆ. ನಿಧಾನದ ವಿಭಾಗದಲ್ಲಿ ಕಲಿಸುವುದೇ ಕಡಿಮೆ, ಕಲಿಸಿದ್ದು ಕಡಿಮೆಯಾದ್ದರಿಂದ ಕಲಿತದ್ದೂ ಕಡಿಮೆ, ಕಲಿತದ್ದು ಕಡಿಮೆಯಾದ್ದರಿಂದ ಮಂದ ಎಂಬುದು ಖಾಯಂ ಆಯಿತು. ಹೆಂಡತಿ ದಿನಾ ಸಂಜೆ ಗುಂಡಿಗಳ ಡಬ್ಬಿ ಸುರಿದು ಬಣ್ಣಬಣ್ಣ ಬೇರೆ ಮಾಡಿಸುತ್ತಿದ್ದಳು. ಮಗಳು ಕ್ಷಣದಲ್ಲಿ ಮಾಡುತ್ತಿದ್ದಳು. ಮನೆಯಲ್ಲಿ ಮಾಡುವವಳಿಗೆ ಶಾಲೆಯಲ್ಲೇನು ಧಾಡಿ ಎಂದು ಹೆಂಡತಿ ಅವಳ ತೊಡೆ ಚಿವುಟುತ್ತಿದ್ದಳು. ಮೇಸ್ತ್ರಿ ಅಲ್ಲೇ ಕೂತು ನೋಡುತ್ತಿದ್ದರು. ಆಗಲೂ ಬಾಯಿಗೆ ಬೀಗ.

ಹತ್ತನೆಯ ತರಗತಿಗೇ ಮಗಳು ಓದು ಬಿಟ್ಟಳು. ತನ್ನ ತಲೆಗೆ ಇದೆಲ್ಲ ಹತ್ತುವುದಿಲ್ಲ ಎಂದು ಅಳದೆ, ಹಟ ಮಾಡದೆ, ಬೇರೆಯವರ ವಿಷಯ ಹೇಳುವಂತೆ ಹೇಳಿದಳು. ಹೋದ ತಿಂಗಳು ಕಂಪನಿಯವರು ವಿಂಗಡಣೆ ಕೋಣೆಯನ್ನು ನೋಡಿಕೊಳ್ಳುವ ಹೊಣೆ ಅವಳಿಗೇ ಕೊಡುತ್ತೇವೆ ಎಂದಾಗಲೂ ಅದೇ ಮಾತು ಹೇಳಿ ಒಲ್ಲೆ ಎಂದು ಬಂದಳು. ಆ ಜಾಗಕ್ಕೆ ಅವಳೇ ಕೆಲಸ ಕಲಿಸಿದ ಹುಡುಗಿ ಬಂದಿದ್ದಾಳೆ.

ಇಷ್ಟು ನೆನಪಾಗುವುದಕ್ಕೆ ಮೇಸ್ತ್ರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ದಿನವೂ ನೆನಪಾಗುವ ಸಂಗತಿಗಳೇ. ಅಷ್ಟರಲ್ಲಿ ಅಂಗಡಿಯಾಕೆ ಇನ್ನೊಂದು ಪೆಟ್ಟಿಗೆ ತಂದಿಟ್ಟಳು. ಹಗುರ ಮರ, ಹೊಳೆಯುವ ಬಣ್ಣ. ಇದು ತುಂಬ ಓಡುತ್ತದೆ, ಮಕ್ಕಳು ಅಳುವುದೇ ಇಲ್ಲ ಎಂದಳು. ಮಗಳು ಅದರ ಚೌಕವನ್ನು ತೆಗೆದುಕೊಂಡು, ಈ ಸಲ ತಿರುಗಿಸಲು ಕೂಡ ಹೋಗದೆ, ಹತ್ತಿರವಿದ್ದ ದುಂಡು ತೂತಿನ ಮೇಲಿಟ್ಟಳು. ತೂತು ದೊಡ್ಡದಿತ್ತು. ಚೌಕ ಸಲೀಸಾಗಿ ಬಿತ್ತು.

ಅವಳ ಮುಖ ನಾಲ್ಕು ವರ್ಷದವಳ ಹಾಗೆ ಅರಳಿತು.

"ಇದೇ ಇರ್ಲಿ ಅಪ್ಪ. ಇದ್ರಲ್ಲಿ ಮೊಟ್ಟೆ ಸೋಲೋದೇ ಇಲ್ಲ. ನನ್ನ ಹಾಗೆ ಆಗೋದು ಬೇಡ ಅವಳು."

"ಅದು ಬೇಡ" ಎಂದರು ಮೇಸ್ತ್ರಿ. ಎಷ್ಟು ಗಡುಸಾಗಿ ಎಂದರೆ ಹೆಗಲ ಮೇಲಿದ್ದ ಮಗು ಬೆಚ್ಚಿ ಕಾಲು ಝಾಡಿಸಿ ಮತ್ತೆ ಮಲಗಿತು. ಅಂಗಡಿಯಾಕೆ ಇದು ಮನೆಯ ಮಾತು ಎಂದು ಅರಿತವಳಂತೆ ಇನ್ನೊಬ್ಬ ಗಿರಾಕಿಯ ಕಡೆ ಹೋದಳು.

ಮಗಳು ಏಕೆ ಎಂದು ಕೇಳಿದಳು. ತೂತು ದೊಡ್ಡದಾಯಿತು, ಕೆಲಸ ಸರಿಯಿಲ್ಲ ಎಂದರು. ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೆ, ಮಗು ಅಳುವುದಿಲ್ಲವಲ್ಲ ಎಂದು ಅವಳು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಳು. ಇನ್ನು ಸುಮ್ಮನಿದ್ದರೆ ಆ ಪೆಟ್ಟಿಗೆ ಮನೆಗೆ ಬರುತ್ತದೆ ಎಂಬುದು ಮೇಸ್ತ್ರಿಗೆ ಗೊತ್ತಾಯಿತು. ಇಪ್ಪತ್ತೊಂಬತ್ತು ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದದ್ದು ಹೊರಗೆ ಬಂದೇಬಿಟ್ಟಿತು.

"ನಿನಗೆ ಮಾಡಿಕೊಟ್ಟ ಪೆಟ್ಟಿಗೆನೂ ಹೀಗೇ ಇತ್ತಮ್ಮ. ನೀನು ಅಳ್ತೀಯ ಅಂತ ನಾನೇ ಅರ ಹಾಕಿ ತೂತೆಲ್ಲ ದೊಡ್ಡದು ಮಾಡಿದ್ದೆ. ಯಾವ್ದನ್ನ ಎಲ್ಲಿ ಹಾಕಿದ್ರೂ ಹೋಗ್ತಿತ್ತು. ಸ್ಕೂಲಲ್ಲಿ ನಿನಗೆ ಬರದೇ ಹೋಗಿದ್ದು ಅದಕ್ಕೆ. ನಿನ್ನ ತಲೆಗೆ ಏನೂ ಆಗಿರ್ಲಿಲ್ಲ."

ಮಗಳು ಅವಚಿಕೊಂಡಿದ್ದ ಪೆಟ್ಟಿಗೆಯ ದುಂಡು ತೂತನ್ನೇ ನೋಡಿದಳು. ಅವಳು ಕೂಗಾಡಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನಗೆ ಇದು ಯಾವಾಗ ಗೊತ್ತಾಯ್ತು?"

"ಅವತ್ತೇ. ಅಲ್ಲಿ ಬಾಗಿಲಲ್ಲಿ ನಿಂತಾಗ್ಲೇ."

"ಅಮ್ಮನಿಗೆ?"

"ಹೇಳ್ಲಿಲ್ಲ."

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು. ಒಂದು ಕೈ ಅವಳಿಗೆ ತಿಳಿಯದೆಯೇ ತೊಡೆಯ ಮೇಲೆ, ತಾಯಿ ಚಿವುಟುತ್ತಿದ್ದ ಕಡೆ ಹೋಯಿತು. ಆಮೇಲೆ ಮುಂದೆ ಬಂದು ಅಪ್ಪನ ಹೆಗಲಿನಿಂದ ಮಗುವನ್ನು ಎತ್ತಿಕೊಂಡಳು. ಮಗು ಇದ್ದ ಜಾಗದಲ್ಲಿ ಮೇಸ್ತ್ರಿಯ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಅಲ್ಲಿಗೆ ತಣ್ಣಗೆ ಗಾಳಿ ಬಡಿಯಿತು.

ಮೊದಲು ನೋಡಿದ, ಬಿಗಿ ತೂತಿನ ಪೆಟ್ಟಿಗೆಯನ್ನು ಕಟ್ಟಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಮಗು ಭಾರವಾಗುತ್ತದೆ, ಇಲ್ಲಿ ಕೊಡು ಎಂದು ಮೇಸ್ತ್ರಿ ಕೇಳಿದರೆ ಬೇಡ ಎಂದಳು. ಮನೆಯ ಬಾಗಿಲು ತೆಗೆಯುವಾಗ ಮಾತ್ರ ಬಾಯಿ ಬಿಟ್ಟಳು.

"ಆ ಪೆಟ್ಟಿಗೆ ಇನ್ನೂ ಇದೆಯಾ?"

ಇತ್ತು. ಕೆಲಸದ ಕೋಣೆಯ ಮೂಲೆಯಲ್ಲಿ, ಹಲಗೆಗಳ ಹಿಂದೆ, ಮೊಳೆ ತುಂಬಿಕೊಂಡು ಇತ್ತು. ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟಿದ್ದರು. ಮೊಳೆಗಳನ್ನು ಸುರಿದು, ಧೂಳು ಒರೆಸಿ, ಡ್ರಾಯರಿನ ತಳದಿಂದ ನಾಲ್ಕು ತುಂಡುಗಳನ್ನೂ ಹುಡುಕಿ ತಂದುಕೊಟ್ಟರು. ಮಗಳು ಕಾಲು ಚಾಚಿ ನೆಲದ ಮೇಲೆ ಕೂತು ಅದನ್ನು ಮಡಿಲಿಗೆ ಎಳೆದುಕೊಂಡಳು.

ಅಷ್ಟರಲ್ಲಿ ಮೊಟ್ಟೆ ನಿದ್ದೆಯಿಂದೆದ್ದು ಹೊಸ ಪೆಟ್ಟಿಗೆಯ ಮುಂದೆ ಕೂತಿತ್ತು. ಕೆಂಪು ಚೌಕವನ್ನು ಒಮ್ಮೆ ನೆಕ್ಕಿ ದುಂಡು ತೂತಿನ ಮೇಲಿಟ್ಟು ಒತ್ತಿತು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿತು. ತುಟಿ ಸೊಟ್ಟಗಾಯಿತು, ಅಳು ಶುರುವಾಯಿತು. ತುಂಡನ್ನು ತಾತನ ಕಡೆ ಚಾಚಿತು. ಮೇಸ್ತ್ರಿಯ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬೇಡಿ" ಎಂದಳು ಮಗಳು. ಹುಟ್ಟಿದಾಗಿನಿಂದ ಅಪ್ಪನಿಗೆ ನೀನು ಎನ್ನುತ್ತಿದ್ದವಳು.

ಮೇಸ್ತ್ರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮೊಟ್ಟೆ ಅತ್ತಿತು, ತುಂಡನ್ನು ಎಸೆಯಿತು, ತೆವಳಿ ಹೋಗಿ ತಂದಿತು, ಮತ್ತೆ ಅತ್ತಿತು. ಅತ್ತು ಸಾಕಾಗಿ, ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ, ತುಂಡನ್ನು ಪಕ್ಕದ ತೂತಿನ ಮೇಲೆ ಇಟ್ಟಿತು. ಅದು ಚೌಕದ್ದೇ ತೂತು, ಆದರೆ ತುಂಡು ಓರೆಯಾಗಿತ್ತು. ಮಗು ಮುಷ್ಟಿಯಿಂದ ಅದರ ಮೇಲೆ ಗುದ್ದಿತು. ತುಂಡು ಜರುಗಿ ನೆಟ್ಟಗಾಗಿ ಒಳಗೆ ಬಿತ್ತು. ಮೊಟ್ಟೆ ತೂತಿನೊಳಗೆ ಇಣುಕಿ ನೋಡಿ, ತುಂಡು ಎಲ್ಲಿಗೆ ಹೋಯಿತೆಂದು ಬೆರಗಾಗಿ ಕೂತಿತು. ಎಲ್ಲ ಸೇರಿ ಕಾಲು ಗಂಟೆ ಹಿಡಿದಿತ್ತು. ಆ ಕಾಲು ಗಂಟೆಯನ್ನು ಮೇಸ್ತ್ರಿ ತಮ್ಮ ಮಗಳಿಗೆ ಕೊಟ್ಟಿರಲಿಲ್ಲ.

ಮಗಳು ಅದನ್ನು ನೋಡಲಿಲ್ಲ. ಅವಳು ಹಳೆಯ ಪೆಟ್ಟಿಗೆಯಲ್ಲಿ ಮುಳುಗಿದ್ದಳು. ಚೌಕವನ್ನು ದುಂಡಿಗೆ ಹಾಕಿದಳು, ಬಿತ್ತು. ತೆಗೆದು ತ್ರಿಕೋನಕ್ಕೆ ಹಾಕಿದಳು, ಬಿತ್ತು. ನಕ್ಷತ್ರಕ್ಕೆ ಹಾಕಿದಳು, ಅದಕ್ಕೂ ಬಿತ್ತು. ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ಅರದ ಗೀರುಗಳು ಕಾಣುತ್ತಿದ್ದವು. ಅವುಗಳ ಮೇಲೆ ಬೆರಳಾಡಿಸಿದಳು.

"ಕೆಟ್ಟೋಗಿದ್ದು ಇದು ಅಲ್ವಾ, ಅಪ್ಪ?"

"ಹೌದಮ್ಮ. ಪೆಟ್ಟಿಗೆ ಕೆಟ್ಟಿತ್ತು. ನೀನಲ್ಲ."

ಅಷ್ಟೇ ಮಾತು. ಹೇಳಲು ಎರಡು ಉಸಿರು ಕೂಡ ಬೇಕಾಗಲಿಲ್ಲ. ಆದರೆ ಅದನ್ನು ಕೇಳಬೇಕಾಗಿದ್ದ ಟೀಚರು ಅಲ್ಲಿರಲಿಲ್ಲ. ಹೆಂಡತಿ ಇರಲಿಲ್ಲ. ಅಪ್ಪನ ಕಡೆ ತಿರುಗಿ ಉತ್ತರಕ್ಕಾಗಿ ಕಾದಿದ್ದ ನಾಲ್ಕು ವರ್ಷದ ಹುಡುಗಿಯೂ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಕೂತೇ ಇದ್ದರು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, ಚೌಕವನ್ನು ಮತ್ತೊಮ್ಮೆ ದುಂಡು ತೂತಿಗೆ ಹಾಕಿದಳು.